ಭೀಮೆ ದಾಟಿ ಹೊರಟವರಿಗೆ ಆರು ಸೂತ್ರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಂದಿ ದುಡಿಮೆಗೆ ಗೋವಾ, ಪುಣೆ, ಮುಂಬೈಗೆ ಹೋಗುತ್ತಾರೆ; ದೇವರಿಗೆಂದು ಪಂಢರಪುರ, ಶ್ರೀಶೈಲಕ್ಕೆ. ಹೊಸದಾಗಿ ಗಂಟು ಕಟ್ಟುವವರಿಗೆ ಈ ಮಾತು.

1. ಟಿಕೆಟ್ ತೆಗೆಯುವಾಗ ಊರಿನ ಹೆಸರು ಸರಿಯಾಗಿ ನೋಡಿ. 2014ರ ನವೆಂಬರ್ 1ರಿಂದ ನಮ್ಮ ಬಿಜಾಪುರದ ಹೆಸರು ವಿಜಯಪುರ. ಬಿಜಾಪುರ ಎಂದು ಹುಡುಕಿದರೆ ಮೊಬೈಲ್ ನಕಾಶೆ ಛತ್ತೀಸಗಡದ ಜಿಲ್ಲೆಯನ್ನೂ ತೋರಿಸೀತು. ರೈಲ್ವೆ ಕೋಡ್ ಮಾತ್ರ ಇನ್ನೂ ಬಿಜೆಪಿ. ಅದು ಪಕ್ಷವಲ್ಲ, ನಿಲ್ದಾಣ.

2. ರೈಲು ಎಲ್ಲಿ ಹತ್ತಬೇಕೆಂದು ಮೊದಲೇ ಕೇಳಿಕೊಳ್ಳಿ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಊರೊಳಗಿಲ್ಲ. ಮುದ್ದೇಬಿಹಾಳದವರು ಆಲಮಟ್ಟಿಗೆ ಹೋಗಬೇಕು. ಸಿಂದಗಿಯವರಿಗೆ ರೈಲೇ ಇಲ್ಲ, ರಾಷ್ಟ್ರೀಯ ಹೆದ್ದಾರಿ 50 ಇದೆ.

3. ಗಡಿ ಬಿಸಿಯಾದಾಗ ಬಸ್ಸು ನಂಬಿ ಕೂಡಬೇಡಿ. 2022ರ ಡಿಸೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಕರ್ನಾಟಕ, ಮಹಾರಾಷ್ಟ್ರದ ನಡುವಿನ ಬಸ್ಸುಗಳಿಗೆ ತಡೆ ಬಿತ್ತು. ಈ ಗಡಿ ತಂಟೆಯ ಬಗ್ಗೆ ಮಹಾಜನ ವರದಿ ಬಂದದ್ದು 1967ರಲ್ಲಿ. ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ನಿಮ್ಮ ಪ್ರಯಾಣದೊಳಗೆ ಅದು ಬಗೆಹರಿಯುವುದಿಲ್ಲ. ಅಂಥ ದಿನ ರೈಲೇ ವಾಸಿ. ತಮಾಷೆ ನೋಡಿ: ಬಸವ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟರೂ ಸೊಲ್ಲಾಪುರದ ಕಡೆ ಸುತ್ತಿ, ಕಲಬುರಗಿ, ರಾಯಚೂರು ಮುಟ್ಟಿ, ಆಂಧ್ರದ ಗುಂತಕಲ್ ದಾಟಬೇಕು. ಈ ರೈಲಿಗೆ ನಮ್ಮ ರಾಜಧಾನಿಯ ದಾರಿಯೂ ಪರರಾಜ್ಯದ ಮೇಲೇ ಹಾಯುತ್ತದೆ.

4. ಬಾಯಿ ತೆರೆಯುವ ಮೊದಲು ಕಿವಿ ತೆರೆಯಿರಿ. ಗಡಿಯಾಚೆಯ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದಲ್ಲಿ ಅಂಗಡಿ ಬೋರ್ಡು ಮರಾಠಿಯಲ್ಲಿದ್ದರೂ ಗಲ್ಲಾದ ಮೇಲೆ ಕೂತವರು "ಯಾವೂರ್ರೀ?" ಎಂದು ಕೇಳಬಹುದು. ಅಲ್ಲಿ ಮುರುಕು ಹಿಂದಿ ಆಡಿ ನಗೆಪಾಟಲಾಗಬೇಡಿ. ಮುಂದೆ ಪುಣೆಯ ಕಡೆ ಮಾತ್ರ "ಕಾಕಾ", "ಮಾವಶಿ" ಎಂದು ಶುರು ಮಾಡಿ. ಗಡಿಸೀಮೆಯವರಿಗೆ ಅಷ್ಟು ಮರಾಠಿ ಬಾರದೇ ಇರುತ್ತದೆಯೇ? ಪಕ್ಕದ ಸೀಟಿನವರನ್ನು ಯಾರಿಗೆ ವೋಟು ಹಾಕಿದಿರಿ ಎಂದು ಕೇಳುವ ಚಟ ಬಿಡಿ. ಉಳ್ಳಾಗಡ್ಡಿಗೆ ರೇಟು ಏನಿದೆ, ಕಬ್ಬಿನ ಬಿಲ್ಲು ಬಂತೇ ಎಂದು ಕೇಳಿ. ಸರ್ಕಾರ ಯಾರದೇ ಇರಲಿ, ಬೈಯುವುದರಲ್ಲಿ ಇಬ್ಬರದೂ ಒಮ್ಮತವಾಗಿ ನಿಲ್ದಾಣ ಬಂದದ್ದೇ ತಿಳಿಯುವುದಿಲ್ಲ.

5. ಬುತ್ತಿ ಕಟ್ಟಿಕೊಳ್ಳಿ. ಖಡಕ್ ರೊಟ್ಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿದರೆ ಮೆತ್ತಗಾಗುತ್ತದೆ, ತೆಳು ಅರಿವೆಯೇ ಬೇಕು. ಶೇಂಗಾ ಹಿಂಡಿ ದಿನಗಟ್ಟಲೆ ತಡೆಯುತ್ತದೆ, ಮೊಸರು ಬೇಡ. 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಇಂಡಿ ನಿಂಬೆಯ ಉಪ್ಪಿನಕಾಯಿ ಒಂದು ಡಬ್ಬಿ ಇರಲಿ. ಜಾತಿ ಕೇಳದೆ ರೊಟ್ಟಿ ಮುರಿದು ಎದುರಿನವರಿಗೂ ಕೊಡಿ. ಬಸವಣ್ಣನ ಊರಿನ ಕಡೆಯಿಂದ ಬಂದವರು ಅಷ್ಟೂ ಮಾಡದಿದ್ದರೆ ಹೇಗೆ!

6. ಕಾಗದ, ಕಾಸು ಎರಡೂ ಜೋಪಾನ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಿಗುವ ಉಚಿತ ಬಸ್ ಟಿಕೆಟ್ ರಾಜ್ಯದೊಳಗಿನದು. ಸೊಲ್ಲಾಪುರಕ್ಕೆ ಹೊರಟ ಅವ್ವ, ಅಕ್ಕ ಚಿಲ್ಲರೆ ಇಟ್ಟುಕೊಂಡಿರಲಿ. ದುಡಿಯಲು ಹೋದವರು ರೇಷನ್ ಕಾರ್ಡಿನ ನಂಬರನ್ನೂ ಒಯ್ಯಿರಿ, ಒಂದು ದೇಶ ಒಂದು ಪಡಿತರ ಚೀಟಿಯಡಿ ಹೊರರಾಜ್ಯದಲ್ಲೂ ಅಕ್ಕಿ, ಗೋದಿ ಸಿಗುತ್ತದೆ. ಚುನಾವಣೆ ನೀತಿಸಂಹಿತೆ ಇದ್ದಾಗ 50,000 ರೂಪಾಯಿಗಿಂತ ಹೆಚ್ಚು ನಗದಿಗೆ ದಾಖಲೆ ಕೇಳುತ್ತಾರೆ. ಮತದಾನ ನಮ್ಮಲ್ಲಿ ಇಲ್ಲದಿದ್ದರೂ ಮಹಾರಾಷ್ಟ್ರದಲ್ಲಿ ಇದ್ದರೆ ಗಡಿಯಲ್ಲಿ ತಪಾಸಣೆ ಇದ್ದದ್ದೇ. ಆಚೆ ಹೋಗಿ ನಿಂಬೆ ಮಾರಿ ಬರುವವರು ದಲಾಲಿ ಅಂಗಡಿಯ ಪಟ್ಟಿಯನ್ನು ದುಡ್ಡಿನ ಜತೆಗೇ ಕಿಸೆಯಲ್ಲಿಡಿ.