ಮೊದಲು ಮಾತು ಕೇಳಿಸಲಿ: ಇನ್ನೂರು ಡಾಲರ್ ಒಳಗೆ ಹೋಮ್ ಥಿಯೇಟರ್

ಕನ್ನಡ ಸಿನಿಮಾ ನೋಡ್ತಾ ಇಂಗ್ಲಿಷ್ ಸಬ್‌ಟೈಟಲ್ ಓದುವ ಅಭ್ಯಾಸ ಇಲ್ಲಿ ನಮ್ಮಲ್ಲಿ ತುಂಬಾ ಜನರಿಗೆ ಇದೆ. ಪಕ್ಕದಲ್ಲಿ ಕೂತ ತೆಲುಗು, ಮರಾಠಿ ಗೆಳೆಯರಿಗೆ ಅದು ಬೇಕು, ಸರಿ. ಆದರೆ ಹಾಸನದವರು, ಧಾರವಾಡದವರು ಯಾಕೆ ಓದಬೇಕು? ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ಡೈಲಾಗ್ ಸರಿಯಾಗಿ ಕೇಳಿಸಲ್ಲ. 2022ರ 'ಕಾಂತಾರ'ದಂಥ ಚಿತ್ರದಲ್ಲಿ ಕರಾವಳಿಯ ಕನ್ನಡ ಬೇರೆ, ಬಯಲುಸೀಮೆಯವರಿಗೆ ಒಂದು ಪದ ತಪ್ಪಿದರೆ ಇಡೀ ವಾಕ್ಯವೇ ಹೋಯ್ತು. ಕಣ್ಣು ಕೆಳಗಿನ ಇಂಗ್ಲಿಷ್ ಸಾಲಿಗೆ ಇಳಿಯುತ್ತೆ, ನಟನ ಮುಖ ನೋಡೋದು ತಪ್ಪುತ್ತೆ.

ಹಾಗಾಗಿ ಈ ಲೇಖನದಲ್ಲಿ ಹೋಮ್ ಥಿಯೇಟರ್ ಅಂದರೆ ಗೋಡೆ ನಡುಗಿಸುವ ಸದ್ದು ಅಂತ ತಿಳ್ಕೋಬೇಡಿ. ದುಡ್ಡು ಕಡಿಮೆ ಇದ್ದಾಗ ಮೊದಲ ಡಾಲರ್ ಮಾತಿಗೆ, ಕೊನೆಯ ಡಾಲರ್ ಗುಡುಗಿಗೆ. ಅಂಗಡಿಯವರ ಜಾಹೀರಾತು ಹೇಳೋದು ಸರಿಯಾಗಿ ಇದರ ಉಲ್ಟಾ.

ತೊಂದರೆ ಎಲ್ಲಿದೆ ಅಂತ ಮೊದಲು ನೋಡೋಣ. ಮಾತಿನಲ್ಲಿ ಸ್ವರಗಳ ಶಕ್ತಿ ಬಹುಪಾಲು 1000 ಹರ್ಟ್ಜ್ ಕೆಳಗೆ ಇರುತ್ತೆ. ಸ, ಶ, ತ, ಟ ಇಂಥ ವ್ಯಂಜನಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಸೂಕ್ಷ್ಮ ಶಬ್ದ ಇರೋದು ಹೆಚ್ಚಾಗಿ 2000 ಹರ್ಟ್ಜ್ ಮೇಲೆ. ಮೇಲಿನ ಈ ಶಬ್ದ ಟಾರ್ಚ್ ಬೆಳಕಿನ ಹಾಗೆ, ಸ್ಪೀಕರ್ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೇ ಹೆಚ್ಚು ಹೋಗುತ್ತೆ. ಈಗಿನ ತೆಳು ಟಿವಿಗಳಲ್ಲಿ ಸ್ಪೀಕರ್ ಇರೋದು ಕೆಳಗೆ ಅಥವಾ ಹಿಂದೆ ಮುಖ ಮಾಡಿಕೊಂಡು. ಅಂದ್ರೆ ನಮ್ಮ ಕಿವಿಗೆ ಸಿಗುವುದು ಗೋಡೆಗೋ ಮೇಜಿಗೋ ಬಡಿದು ಬಂದ ಉಳಿಕೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಸ್ವರಗಳು ಜೋರಾಗ್ತವೆ, ಮಾತು ಸ್ಪಷ್ಟ ಆಗಲ್ಲ.

ಕನ್ನಡಕ್ಕೆ ಇನ್ನೊಂದು ವಿಶೇಷ ಕಷ್ಟ ಇದೆ. 'ಕತೆ' ಮತ್ತು 'ಕತ್ತೆ' ಇವೆರಡನ್ನು ಹೇಳಿ ನೋಡಿ. ವ್ಯತ್ಯಾಸ ಯಾವುದು? ತಕಾರ ಸಿಡಿಯುವ ಮುಂಚೆ ನಾಲಿಗೆ ಗಾಳಿಯನ್ನು ತಡೆದು ನಿಲ್ಲಿಸುವ ಆ ಸಣ್ಣ ಮೌನ. ಒತ್ತಕ್ಷರದಲ್ಲಿ ಆ ಮೌನ ಉದ್ದ. ಅದೂ ಸೆಕೆಂಡಿನ ಒಂದು ಸಣ್ಣ ಭಾಗ ಅಷ್ಟೆ. ಬರಿ ನೆಲ, ಬರಿ ಗೋಡೆ ಇರುವ ಅಪಾರ್ಟ್‌ಮೆಂಟಲ್ಲಿ ಹಿಂದಿನ ಸ್ವರದ ಪ್ರತಿಧ್ವನಿ ಬಂದು ಆ ಮೌನವನ್ನೇ ತುಂಬಿಬಿಡುತ್ತೆ. ನಮ್ಮ ಭಾಷೆಯಲ್ಲಿ ಅರ್ಥ ಮೌನದಲ್ಲೂ ಇದೆ, ಮತ್ತು ಆ ಮೌನವನ್ನು ಕಾಪಾಡೋದು ಸ್ಪೀಕರ್ ಒಂದರ ಕೈಯಲ್ಲಿಲ್ಲ, ಕೋಣೆಯ ಕೈಯಲ್ಲೂ ಇದೆ.

ಅದಕ್ಕೇ ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಸೋಫಾ ಮತ್ತು ಟಿವಿ ನಡುವೆ ನೆಲಕ್ಕೆ ದಪ್ಪನೆ ಕಾರ್ಪೆಟ್ ಅಥವಾ ಎರಡು ಪದರ ಜಮಖಾನ. ಎದುರು ಗೋಡೆಗೆ ಊರಿಂದ ತಂದ ಕೌದಿ ಇದ್ದರೆ ನೇತುಹಾಕಿ. ಆದರೆ ಗೋಡೆಗೆ ಅಂಟಿಸಬೇಡಿ, ನಾಲ್ಕೈದು ಇಂಚು ಬಿಟ್ಟು ಹಾಕಿ. ಗೋಡೆಯ ಮೇಲ್ಮೈಯಲ್ಲೇ ಗಾಳಿಯ ಕಣಗಳು ಹೆಚ್ಚು ಅಲುಗಾಡಲ್ಲ, ಸ್ವಲ್ಪ ದೂರದಲ್ಲಿ ಅಲುಗಾಡ್ತವೆ. ಬಟ್ಟೆ ಆ ಅಲುಗಾಟವನ್ನು ತಡೆದು ಶಾಖವಾಗಿ ಮಾಡುತ್ತೆ. ಅಜ್ಜಿ ಹೊಲಿದ ಕೌದಿ ಹೀಗೆ ಅಕೂಸ್ಟಿಕ್ ಪ್ಯಾನೆಲ್ ಆಗೋದು ನೋಡಿದರೆ ಅಜ್ಜಿಗೆ ಏನನ್ನಿಸುತ್ತೋ ಗೊತ್ತಿಲ್ಲ.

ಈಗ ಯಂತ್ರಗಳ ವಿಷಯ. 5.1 ಅಂದರೆ ಎಡ, ಬಲ, ಮಧ್ಯ, ಹಿಂದಿನ ಎರಡು, ಜೊತೆಗೆ ಕೆಳ ಸದ್ದಿನ ಒಂದು ಚಾನೆಲ್. ಸಿನಿಮಾದಲ್ಲಿ ಮಾತು ಬಹುಪಾಲು ಮಧ್ಯದ ಚಾನೆಲ್‌ನಲ್ಲೇ ಇರುತ್ತೆ. ಈ ಪದ್ಧತಿ ಬೆಳೆದದ್ದರಲ್ಲಿ ನಾವಿರುವ ಊರಿನ ಪಾಲೂ ಇದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಕಲ್ವರ್ ಸಿಟಿಯ ಎಂಜಿಎಂ ಸ್ಟುಡಿಯೊದಲ್ಲಿ ಡಗ್ಲಸ್ ಶಿಯರರ್ ತಂಡ, ಪರದೆಯ ಹಿಂದೆ ಇಡುವ ದೊಡ್ಡ ಹಾರ್ನ್ ಸ್ಪೀಕರ್ ಮಾಡ್ತಾ ಇತ್ತು. ಅದರಲ್ಲಿ ಕೈಯಾಡಿಸಿದ ಜೇಮ್ಸ್ ಲ್ಯಾನ್ಸಿಂಗ್ 1946ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರು ಮಾಡಿದ ಕಂಪನಿಯೇ ಜೆಬಿಎಲ್. ಅದಕ್ಕೂ ಮುಂಚೆ ಅವರು ಇದ್ದ ಆಲ್ಟೆಕ್ ಲ್ಯಾನ್ಸಿಂಗ್ 1945ರಲ್ಲಿ ತಂದ ಚಿತ್ರಮಂದಿರದ ಸ್ಪೀಕರ್ ಹೆಸರು 'ವಾಯ್ಸ್ ಆಫ್ ದ ಥಿಯೇಟರ್'. ಥಿಯೇಟರಿನ ಧ್ವನಿ! ಗುಡುಗು ಅಂತ ಹೆಸರಿಡಲಿಲ್ಲ ನೋಡಿ.

ಎರಡೇ ಸ್ಪೀಕರ್ ಸಾಲದಾ ಅಂತ ಕೇಳಬಹುದು. ಒಬ್ಬರೇ ನಟ್ಟ ನಡುವೆ ಕೂತು ನೋಡುವುದಾದರೆ ನಡೆಯುತ್ತೆ, ಎರಡರ ನಡುವೆ ಮಾತು ತೇಲಿದ ಹಾಗೆ ಕೇಳಿಸುತ್ತೆ. ನಾಲ್ಕು ಜನ ಸೋಫಾದಲ್ಲಿ ಕೂತರೆ ಅಂಚಿನವರಿಗೆ ಹತ್ತಿರದ ಸ್ಪೀಕರ್ ಸದ್ದು ಮೊದಲು ಮುಟ್ಟುತ್ತೆ, ನಾಯಕ ಪರದೆ ಮಧ್ಯ ನಿಂತು ಮೂಲೆಯಿಂದ ಮಾತಾಡ್ತಾನೆ. ಇನ್ನೊಂದು ಕಾರಣವನ್ನು, ಇಲ್ಲೇ ನಾರ್ತ್‌ರಿಡ್ಜ್‌ನಲ್ಲಿ ಹರ್ಮನ್ ಕಂಪನಿಯಲ್ಲಿ ಸಂಶೋಧನೆ ನಡೆಸಿದ ಫ್ಲಾಯ್ಡ್ ಟೂಲ್ ತಮ್ಮ ಬರಹಗಳಲ್ಲಿ ವಿವರಿಸಿದ್ದಾರೆ: ಎರಡು ಸ್ಪೀಕರಿನ ಒಂದೇ ಸದ್ದು ಪ್ರತಿ ಕಿವಿಗೂ ಸ್ವಲ್ಪ ಹಿಂದೆ-ಮುಂದೆ ತಲುಪಿ 2000 ಹರ್ಟ್ಜ್ ಸುತ್ತ ಒಂದನ್ನೊಂದು ಅಳಿಸುತ್ತೆ. ನಮಗೆ ವ್ಯಂಜನ ಬೇಕಾದ ಜಾಗವೇ ಅದು!

ಹಳೆಯ ಚಿತ್ರ ನೋಡುವವರಿಗಂತೂ ಮಧ್ಯದ ಸ್ಪೀಕರೇ ಸರ್ವಸ್ವ. ರಾಜ್‌ಕುಮಾರ್ ಕಾಲದ ಚಿತ್ರಗಳು ಹೆಚ್ಚಿನವು ಮೋನೋ. ರಿಸೀವರಿನಲ್ಲಿ 'ಡಾಲ್ಬಿ ಪ್ರೊ ಲಾಜಿಕ್ 2' ಮೋಡ್ ಹಾಕಿದರೆ ಎಡ-ಬಲ ಎರಡರಲ್ಲೂ ಒಂದೇ ಥರ ಇರುವ ಸದ್ದನ್ನು ಅದು ಮಧ್ಯಕ್ಕೆ ಎಳೆಯುತ್ತೆ. ಆಗ ಇಡೀ ಚಿತ್ರ, ಪರದೆ ಹಿಂದೆ ಒಂದೇ ಸ್ಪೀಕರ್ ಇದ್ದ ಹಳೇ ಟಾಕೀಸಿನ ಹಾಗೆ, ಟಿವಿ ಕೆಳಗಿಂದಲೇ ಬರುತ್ತೆ.

ಖರೀದಿಗೆ ಬರೋಣ. ಹೊಸದು ತಗೋಬೇಡಿ. ಹಳೆಯ ರಿಸೀವರ್ ತಗೊಳ್ಳಿ, ಅದರಲ್ಲೂ ಎಚ್‌ಡಿಎಂಐ ಇಲ್ಲದ್ದು. ಎಚ್‌ಡಿಎಂಐ ಇಲ್ಲ ಅಂತಲೇ ಅದನ್ನು ಯಾರೂ ಕೇಳಲ್ಲ, ಬೆಲೆ ಬಿದ್ದಿರುತ್ತೆ. ನಮಗೆ ಅದು ಬೇಕಾಗಿಯೂ ಇಲ್ಲ. ಎಲ್ಲ ಪೆಟ್ಟಿಗೆಗಳನ್ನೂ ಟಿವಿಗೇ ಜೋಡಿಸಿ, ಟಿವಿಯಿಂದ ಒಂದು ಆಪ್ಟಿಕಲ್ ಕೇಬಲ್ ರಿಸೀವರಿಗೆ. ಅದರಲ್ಲಿ 5.1 ಡಾಲ್ಬಿ ಡಿಜಿಟಲ್ ಆರಾಮಾಗಿ ಹೋಗುತ್ತೆ. ಅಟ್ಮಾಸ್ ಹೋಗಲ್ಲ, ಹೋಗದಿದ್ದರೆ ಬಿಡಿ. ಒಂದೇ ಎಚ್ಚರಿಕೆ, ಟಿವಿ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ 'ಪಿಸಿಎಂ' ಅಂತ ಇದ್ದರೆ ಎರಡೇ ಚಾನೆಲ್ ಬರುತ್ತೆ, 'ಡಾಲ್ಬಿ ಡಿಜಿಟಲ್' ಅಥವಾ 'ಬಿಟ್‌ಸ್ಟ್ರೀಮ್'ಗೆ ಬದಲಾಯಿಸಿ.

ವ್ಯಾಟ್ ಎಷ್ಟು? ಪೆಟ್ಟಿಗೆ ಮೇಲೆ 1000 ವ್ಯಾಟ್ ಅಂತ ಬರೆದದ್ದನ್ನು ಓದಿ ನಕ್ಕು ಮುಂದೆ ಹೋಗಿ. ಸಾಧಾರಣ ಸ್ಪೀಕರ್ 1 ವ್ಯಾಟಿಗೆ 1 ಮೀಟರ್ ದೂರದಲ್ಲಿ ಸುಮಾರು 87 ಡೆಸಿಬೆಲ್ ಕೊಡುತ್ತೆ. ಎರಡೂವರೆ ಮೀಟರ್ ದೂರದ ಸೋಫಾಗೆ ಬರುವಷ್ಟರಲ್ಲಿ 8 ಕಳೆದು 79. ಎದುರುಬದುರು ಕೂತು ಮಾತಾಡುವ ಸದ್ದು 60ರ ಆಸುಪಾಸು. ಅಂದರೆ ಒಂದೇ ವ್ಯಾಟ್ ಮಾತಿಗೆ ಧಾರಾಳ. 50 ವ್ಯಾಟ್ ಇದ್ದರೆ ಪಕ್ಕದ ಮನೆಯವರೂ ಸಿನಿಮಾ ಕೇಳಬಹುದು.

ಸ್ಪೀಕರ್ ಹಳೆಯದೇ ಆಗಲಿ, ಆದರೆ ಮುಂದಿನ ಬಟ್ಟೆ ತೆಗೆದು ನೋಡದೆ ದುಡ್ಡು ಕೊಡಬೇಡಿ. ಕೋನ್ ಸುತ್ತ ಫೋಮ್ ಅಂಚು ಇದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೆ ಹಪ್ಪಳದ ಥರ ಪುಡಿಯಾಗುತ್ತೆ. ರಬ್ಬರ್ ಅಂಚು ಬಾಳಿಕೆ ಬರುತ್ತೆ. ಫೋನಿನಿಂದ ಹಾಡು ಹಾಕಿಸಿ, ಟ್ವೀಟರ್ ಹತ್ತಿರ ಕಿವಿ ಇಟ್ಟು ಸದ್ದು ಬರ್ತಿದೆಯಾ ನೋಡಿ. ಮಧ್ಯಕ್ಕೆ ನನ್ನ ಸಲಹೆ: ಎಡ-ಬಲದ ಜೋಡಿಯದ್ದೇ ಮಾದರಿಯ ಒಂಟಿ ಸ್ಪೀಕರ್ ಹುಡುಕಿ. ಜೋಡಿ ಕಳೆದುಕೊಂಡ ಸ್ಪೀಕರನ್ನು ಯಾರೂ ಕೊಳ್ಳಲ್ಲ, ಅದಕ್ಕೇ ಅಗ್ಗ. ಮೂರೂ ಒಂದೇ ಆದರೆ ನಟ ಎಡದಿಂದ ಬಲಕ್ಕೆ ನಡೆದಾಗ ಅವನ ಧ್ವನಿ ಬದಲಾಗಲ್ಲ. ಸೆಂಟರ್ ಅಂತ ಮಾರುವ ಅಡ್ಡ ಪೆಟ್ಟಿಗೆಗಳಲ್ಲಿ ಎರಡು ವೂಫರ್ ಅಕ್ಕಪಕ್ಕ ಇದ್ದು, ಬದಿಯಲ್ಲಿ ಕೂತವರಿಗೆ ಒಂದರ ಸದ್ದು ಇನ್ನೊಂದನ್ನು ತಿನ್ನುತ್ತೆ. ಜಾಗ ಇದ್ದರೆ ನಿಲ್ಲಿಸಿಟ್ಟ ಸಾಧಾರಣ ಸ್ಪೀಕರೇ ಮೇಲು. ತುಸು ಮೇಲ್ಮುಖವಾಗಿ, ಕಿವಿಯ ಕಡೆ ವಾಲಿಸಿ.

ನಮ್ಮ ನಾಲ್ಕು ಜನರ ಮನೆಯ ಲೆಕ್ಕ ಹೀಗಿದೆ. ರಿಸೀವರ್ 45 ಡಾಲರ್, ಒಂದು ಜೋಡಿ ಸ್ಪೀಕರ್ 60, ಒಂಟಿ 20, ಆಪ್ಟಿಕಲ್ ಕೇಬಲ್ 8, ತಂತಿ 15. ಒಟ್ಟು 148. ಆಮೇಲೆ 40ಕ್ಕೆ ಸಬ್‌ವೂಫರ್. ತಲೆಗೆ 47 ಡಾಲರ್. ಟಿವಿ ಮೊದಲೇ ಇತ್ತು. ರಿಸೀವರ್ ಲಾಸ್ ಏಂಜಲಿಸ್‌ನಲ್ಲಿ ಸಿಕ್ಕಿತು, ಸ್ಪೀಕರ್ ಸ್ಯಾನ್ ಡಿಯಾಗೊದಲ್ಲಿ. ಅಲ್ಲಿಯ ಗೆಳೆಯ ಅವನ್ನು ಪೆಸಿಫಿಕ್ ಸರ್ಫ್‌ಲೈನರ್ ರೈಲಲ್ಲಿ ಬೆನ್ನ ಚೀಲದಲ್ಲಿ ತಂದ, ಸಮುದ್ರ ನೋಡ್ತಾ ಬಂದೆ ಅಂತ ಖುಷಿಯಲ್ಲಿದ್ದ. ತಂತಿಗೆ ದುಬಾರಿ ಬ್ರ್ಯಾಂಡ್ ಬೇಡ. 16 ಗೇಜ್ ತಾಮ್ರ 25 ಅಡಿ ಎಳೆದರೂ ಹೋಗಿಬರುವ ರೋಧ 0.2 ಓಮ್ ಅಷ್ಟೆ, 8 ಓಮ್ ಸ್ಪೀಕರ್ ಎದುರು ಲೆಕ್ಕಕ್ಕಿಲ್ಲ.

ಜೋಡಿಸಿದ ಮೇಲೆ ಅಳತೆ. ಕೆಲವು ರಿಸೀವರಲ್ಲಿ ಆಡಿಸಿ ಅನ್ನುವ ತಂತ್ರ ಇರುತ್ತೆ. ಯುಎಸ್‌ಸಿಯ ಸಂಶೋಧನೆಯಿಂದ 2002ರಲ್ಲಿ ಹುಟ್ಟಿದ ಕಂಪನಿಯದ್ದು. ಮೈಕನ್ನು ಕಿವಿ ಎತ್ತರದಲ್ಲಿ ಇಟ್ಟರೆ ಅದೇ ಶಬ್ದ ಮಾಡಿ, ಅಳೆದು, ಕೋಣೆಗೆ ತಕ್ಕ ಹಾಗೆ ಸರಿಪಡಿಸಿಕೊಳ್ಳುತ್ತೆ. ಹಳೆಯದನ್ನು ಕೊಳ್ಳುವಾಗ ಮೈಕ್ ಇದೆಯಾ ಅಂತ ಕೇಳಿ. ಇಲ್ಲಾಂದ್ರೆ ಟೇಪ್ ಹಿಡಿದು ಪ್ರತಿ ಸ್ಪೀಕರಿನ ದೂರ ನಮೂದಿಸಿ, ರಿಸೀವರಿನ ಪರೀಕ್ಷಾ ಶಬ್ದ ಹಾಕಿ, ಫೋನಿನ ಡೆಸಿಬೆಲ್ ಆ್ಯಪಲ್ಲಿ ಎಲ್ಲ ಸಮ ಮಾಡಿ. ಫೋನ್ ತೋರಿಸುವ ಅಂಕಿ ಕರಾರುವಾಕ್ಕಲ್ಲ, ಒಂದಕ್ಕೊಂದು ಹೋಲಿಸಲು ಸಾಕು. ಅದಾದ ಮೇಲೆ ಮಧ್ಯದ್ದನ್ನು ಮಾತ್ರ 2-3 ಡೆಸಿಬೆಲ್ ಏರಿಸಿ. ರಾತ್ರಿ 'ನೈಟ್ ಮೋಡ್' ಹಾಕಿದರೆ ಜೋರು ಸದ್ದು ತಗ್ಗಿ ಪಿಸುಮಾತು ಮೇಲೆ ಬರುತ್ತೆ. ತುಟಿಗೂ ಮಾತಿಗೂ ಹೊಂದದಿದ್ದರೆ ಆಡಿಯೊ ಡಿಲೇ ಸರಿಮಾಡಿ. ಡಬ್ ಆದ ಚಿತ್ರ ಆದರೆ ರಿಸೀವರನ್ನು ಬಯ್ಯಬೇಡಿ.

ಸಬ್‌ವೂಫರ್ ಕೊನೆಗೆ ಅಂದದ್ದಕ್ಕೆ ಕಾರಣ ಇಲ್ಲಿಯ ಕಟ್ಟಡಗಳು. ದಕ್ಷಿಣ ಕ್ಯಾಲಿಫೋರ್ನಿಯಾದ ಬಹಳ ಅಪಾರ್ಟ್‌ಮೆಂಟು ಮರದ ಚೌಕಟ್ಟಿನವು. ಮಾತನ್ನು ಆ ಗೋಡೆ ಸ್ವಲ್ಪ ತಡೆಯುತ್ತೆ, 40-50 ಹರ್ಟ್ಜ್ ಸದ್ದನ್ನು ಡೋಲಿನ ಚರ್ಮದ ಥರ ಆಚೆ ದಾಟಿಸುತ್ತೆ. ಇಟ್ಟರೆ ಕೆಳಗೆ ದಪ್ಪ ಫೋಮ್ ಹಾಕಿ, ಹತ್ತು ಗಂಟೆ ಮೇಲೆ ಆರಿಸಿ. ಹಿಂದಿನ ಎರಡು ಸ್ಪೀಕರ್ ನಾವು ಇನ್ನೂ ತಂದಿಲ್ಲ, ಅದರ ಕೊರತೆ ಯಾರಿಗೂ ಕಂಡಿಲ್ಲ. ಭೂಕಂಪದ ನಾಡು ಇದು, ಕಪಾಟಿನ ಮೇಲಿನ ಸ್ಪೀಕರಿಗೆ ಅಡಿಯಲ್ಲಿ ಅಂಟುವ ಪುಟ್ಟಿ ಹಾಕಿ, ಮಲಗುವ ತಲೆ ಮೇಲೆ ಮಾತ್ರ ತೂಗುಹಾಕಬೇಡಿ.

ಹುಡುಕಲು ಒಳ್ಳೆ ಕಾಲ ಮೇ-ಜೂನ್. ಪದವಿ ಮುಗಿಸಿ ಊರು ಬಿಡುವವರು ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆ ಕೊಟ್ಟು ಹೋಗ್ತಾರೆ. ನಾವೂ ಬರುವ ಬೇಸಿಗೆಯಲ್ಲಿ ಹೊರಡ್ತೀವಿ. ಪ್ರತಿ ತಂತಿಗೂ ಎಡ, ಬಲ, ಮಧ್ಯ ಅಂತ ಕನ್ನಡದಲ್ಲಿ ಚೀಟಿ ಅಂಟಿಸಿದ್ದೇವೆ, ರಿಮೋಟ್ ಹಿಂದೆ ಸೆಟ್ಟಿಂಗ್ ಬರೆದ ಕಾಗದ ಇದೆ. ಬೇಕಾದವರು ಸಂಘದ ಗುಂಪಿನಲ್ಲಿ ಹೇಳಿ, ಮೂರು ಸ್ಪೀಕರ್ ಬೇರೆ ಮಾಡಿ ಮಾತ್ರ ಕೊಡೋದಿಲ್ಲ.