ಮಕ್ಕಳ ಆರೋಗ್ಯವೂ ಮನೆಯ ಊಟವೂ

ರಕ್ತಹೀನತೆಯುಳ್ಳ ಮಗುವು ಬೇಗನೆ ದಣಿಯುತ್ತದೆ. ಅದರ ಮನಸ್ಸು ಪಾಠದಲ್ಲಿ ನಿಲ್ಲದು. ಇದನ್ನು ಸೋಮಾರಿತನವೆಂದು ಭಾವಿಸಿ ಗದರಿಸುವುದರಿಂದ ಪ್ರಯೋಜನವಿಲ್ಲ. ಮೊದಲು ಅದರ ಊಟವನ್ನು ವಿಚಾರಿಸಬೇಕು.

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಹಿರಿಯರು ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯಗಳನ್ನುಂಡು ದುಡಿದವರು. 1983ರಲ್ಲಿ ಅಂದಿನ ಆಂಧ್ರಪ್ರದೇಶ ಸರಕಾರವು ಕಿಲೋಗೆ 2 ರೂಪಾಯಿಯಂತೆ ಅಕ್ಕಿಯನ್ನು ಕೊಡಲಾರಂಭಿಸಿತು. ಅದು ಬಡವರ ಹಸಿವನ್ನು ನೀಗಿಸಿತು, ನಿಜ. ಆದರೆ ಅನೇಕ ಮನೆಗಳಲ್ಲಿ ರೊಟ್ಟಿಯ ಸ್ಥಾನವನ್ನು ಅನ್ನವೇ ಆಕ್ರಮಿಸಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ, 100 ಗ್ರಾಂ ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶವು 1 ಮಿಲಿಗ್ರಾಮಿಗೂ ಕಡಿಮೆ. ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ 6ಕ್ಕೂ ಹೆಚ್ಚು. ಆದರೆ ಧಾನ್ಯದ ಕಬ್ಬಿಣವೆಲ್ಲವೂ ರಕ್ತಗತವಾಗದು. ಊಟದೊಡನೆ ನಿಂಬೆರಸವಾಗಲಿ ನೆಲ್ಲಿಕಾಯಿಯಾಗಲಿ ಇದ್ದರೆ ಅದು ಹೆಚ್ಚಾಗಿ ಮೈಗೂಡುತ್ತದೆ. ಚಹವು ಅದನ್ನು ತಡೆಯುತ್ತದೆ. ಆದುದರಿಂದ ಊಟಕ್ಕೂ ಚಹಕ್ಕೂ ಒಂದು ಗಂಟೆಯಾದರೂ ಅಂತರವಿರಲಿ.

ಇದು ಅಸಾಧ್ಯವಾದ ಕಾರ್ಯವಲ್ಲ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಬೀಳುಭೂಮಿಯನ್ನು ಹದಗೊಳಿಸಿ, ಜೋಳ, ಸಜ್ಜೆ, ನವಣೆಗಳನ್ನು ಬೆಳೆದು, ಬೀಜವನ್ನು ಮನೆಯಲ್ಲಿಯೇ ಕಾಪಾಡಿಕೊಂಡು ಬಂದಿವೆ.

ಪಾಲಕರು ದಿನಕ್ಕೊಂದು ಹೊತ್ತು ರೊಟ್ಟಿ, ಬೇಳೆ, ಸೊಪ್ಪುಗಳನ್ನು ನಿಯಮವಾಗಿ ಮಾಡಿಕೊಳ್ಳಲಿ. ಪೊಟ್ಟಣದ ತಿಂಡಿಗೆ ಬದಲಾಗಿ ಶೇಂಗಾ ಬೆಲ್ಲ ಕೊಡಲಿ. ಮಗಳು ಕಡೆಗೆ ಕುಳಿತು ಉಳಿದುದನ್ನು ಉಣ್ಣುವ ಪದ್ಧತಿಯಿದ್ದಲ್ಲಿ ಅದು ತೊಲಗಲಿ. ತಂದೆತಾಯಿಗಳೂ ಅದೇ ರೊಟ್ಟಿಯನ್ನು ಮಕ್ಕಳೊಡನೆ ಕುಳಿತು ಉಣ್ಣಲಿ. ಮಕ್ಕಳು ಹೇಳಿದುದಕ್ಕಿಂತ ಕಂಡುದನ್ನೇ ಬೇಗ ಕಲಿಯುತ್ತಾರೆ.