ಇಸಿಜಿ ನಾರ್ಮಲ್ ಬಂದ ಮೇಲೆ

ನೋಡಪ್ಪ, ಈ ಸಲದ ಇಸಿಜಿಯೂ ನಾರ್ಮಲ್ ಅಂತ ನಿಮ್ಮಮ್ಮ ಫೋನ್ ಮಾಡಿ ಹೇಳಿದಳು. ಡಾಕ್ಟರು ‘ಏನೂ ಇಲ್ಲ, ಟೆನ್ಶನ್ ಮಾಡ್ಕೋಬೇಡಿ’ ಅಂದು ಕಳಿಸಿದರಂತೆ. ನೀನು ಮಾತ್ರ ಇನ್ನೊಂದು ಆಸ್ಪತ್ರೆಗೆ ಹೋಗಿ ಆಂಜಿಯೋಗ್ರಾಂ ಮಾಡಿಸುತ್ತೇನೆ ಅಂತ ಹಟ ಹಿಡಿದಿದ್ದೀಯಂತೆ. ಸೋದರಮಾವ ಅನ್ನುವ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನ ಹಿಂದೆ ಸರ್ವೀಸ್ ಮುಗಿಸಿದವನು ನಾನು. ನಿನ್ನಂಥವರನ್ನು ಬೇಕಾದಷ್ಟು ಕಂಡಿದ್ದೇನೆ.

ನಿನ್ನ ಹೃದಯ ಚೆನ್ನಾಗಿದೆ ಅನ್ನುವುದು ನಿಜ. ಆದರೆ ನಿನಗೆ ಏನೂ ಆಗಿಲ್ಲ ಅನ್ನುವುದು ನಿಜವಲ್ಲ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವಾಗ ಎದೆ ಹೊಡೆದುಕೊಂಡು, ಬೆವರು ಕಿತ್ತು, ಕೈ ಜುಮುಗುಟ್ಟಿ, ಜೀವ ಹೋಯಿತು ಅನ್ನಿಸಿತಲ್ಲ, ಅದು ಪ್ಯಾನಿಕ್ ಅಟ್ಯಾಕ್. ಮಿದುಳು ಅಪಾಯ ಬಂತೆಂದು ಎಣಿಸಿ ಅಡ್ರಿನಲಿನ್ ಹರಿಸುತ್ತದೆ. ಓಡಿಹೋಗಲು ಕಾಲಿಗೆ ರಕ್ತ ಬೇಕೆಂದು ಹೃದಯ ಜೋರಾಗಿ ಬಡಿಯುತ್ತದೆ. ಉಸಿರು ವೇಗವಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ಬೆರಳು, ತುಟಿ ಜುಮುಗುಟ್ಟುವುದು, ತಲೆ ಹಗುರವಾಗುವುದು ಅದರಿಂದಲೇ. ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ, ವಾಸ್ತವದಲ್ಲಿ ನೀನು ಅಗತ್ಯಕ್ಕಿಂತ ಹೆಚ್ಚೇ ಉಸಿರಾಡುತ್ತಿರುತ್ತೀಯ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಬಹಳ ಹಿಂಸೆ ಕೊಡುತ್ತದೆ, ಕೊಲ್ಲುವುದಿಲ್ಲ.

ಹಾಗಂತ ಎದೆನೋವನ್ನೆಲ್ಲ ಗಾಬರಿ ಅಂತ ತಳ್ಳಿಹಾಕು ಅಂತಿಲ್ಲ. ಮೊದಲ ಸಲ ಆಸ್ಪತ್ರೆಗೆ ಹೋದದ್ದು ಸರಿಯಾಗಿಯೇ ಇತ್ತು. ಥೈರಾಯ್ಡ್ ಹೆಚ್ಚಾದರೂ, ರಕ್ತ ಕಮ್ಮಿಯಾದರೂ ಎದೆ ಹೀಗೇ ಬಡಿಯುತ್ತದೆ. ಅವೆರಡನ್ನೂ ಒಮ್ಮೆ ನೋಡಿಸು. ಅಲ್ಲಿಗೆ ಟೆಸ್ಟುಗಳ ಲೆಕ್ಕ ಮುಗಿಸು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಅಟ್ಯಾಕ್ ಬಂದದ್ದಕ್ಕಿಂತ, ಅದು ಮತ್ತೆ ಬಂದೀತೆಂದು ಹೆದರಿ ನೀನು ಬಿಟ್ಟುಕೊಟ್ಟದ್ದೇ ಜಾಸ್ತಿ. ಮೊದಲು ಮೆಟ್ರೊ ಬಿಟ್ಟೆ, ಆಮೇಲೆ ಬಸ್ಸು, ಆಮೇಲೆ ಆಫೀಸು. ಈಗ ಲಿಫ್ಟನ್ನೂ ಹತ್ತುವುದಿಲ್ಲವಂತೆ. ಮನೆಮುಂದಿನ ನಾಯಿ ಪೋಸ್ಟ್‌ಮ್ಯಾನ್‌ನನ್ನು ಕಂಡು ಬೊಗಳುತ್ತದೆ. ಅವನು ಕಾಗದ ಕೊಟ್ಟು ತನ್ನ ಪಾಡಿಗೆ ಮುಂದಿನ ಮನೆಗೆ ಹೋಗುತ್ತಾನೆ. ನಾಯಿಯೋ, ತಾನು ಬೊಗಳಿದ್ದಕ್ಕೇ ಓಡಿಹೋದ ಅಂದುಕೊಂಡು ಮಾರನೇ ದಿನ ಇನ್ನೂ ಜೋರು ಮಾಡುತ್ತದೆ. ನಿನ್ನ ಭಯವೂ ಹಾಗೇ. ಮೆಟ್ರೊ ತಪ್ಪಿಸಿದ ಪ್ರತಿ ದಿನವೂ, ತಪ್ಪಿಸಿದ್ದಕ್ಕೇ ಬದುಕಿದೆ ಅನ್ನುವ ಪಾಠ ಅದಕ್ಕೆ ಸಿಗುತ್ತಿದೆ. ರಾತ್ರಿಯೆಲ್ಲ ಗೂಗಲ್‌ನಲ್ಲಿ ಹಾರ್ಟ್ ಅಟ್ಯಾಕ್ ಲಕ್ಷಣ ಹುಡುಕುವುದು, ಗಳಿಗೆಗೊಮ್ಮೆ ನಾಡಿ ಹಿಡಿದು ನೋಡುವುದು, ಅಮ್ಮನನ್ನು ಫೋನಿನಲ್ಲಿ ಇಟ್ಟುಕೊಂಡೇ ರಸ್ತೆ ದಾಟುವುದು, ಎಲ್ಲವೂ ಆ ನಾಯಿಗೆ ಹಾಕುವ ಅನ್ನವೇ. ಜೇಬಿನಲ್ಲಿ ಹೃದ್ರೋಗಿಗಳ ಸಾರ್ಬಿಟ್ರೇಟ್ ಮಾತ್ರೆ ಬೇರೆ! ಬೇಡದವನು ಅದನ್ನು ನಾಲಿಗೆ ಕೆಳಗಿಟ್ಟರೆ ಬಿಪಿ ಇಳಿದು ತಲೆ ತಿರುಗುತ್ತದೆ, ಆ ತಲೆಸುತ್ತಿಗೇ ಮತ್ತೆ ಗಾಬರಿ. ಇವತ್ತೇ ತೆಗೆದಿಡು.

ಇದಕ್ಕೆ ಮದ್ದಿದೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂತ ಹೇಳುತ್ತಾರೆ. ತಪ್ಪಿಸಿಕೊಂಡದ್ದನ್ನು ಸ್ವಲ್ಪಸ್ವಲ್ಪವಾಗಿ ವಾಪಸು ಮಾಡಿಸುತ್ತಾರೆ. ಮೊದಲು ಪ್ಲಾಟ್‌ಫಾರ್ಮಿನಲ್ಲಿ ಸುಮ್ಮನೆ ನಿಲ್ಲುವುದು, ಆಮೇಲೆ ಜನ ಕಮ್ಮಿಯಿರುವ ಹೊತ್ತಿನಲ್ಲಿ ಒಂದು ಸ್ಟಾಪು, ಆಮೇಲೆ ಎರಡು. ಗಾಬರಿ ಏರಿದಾಗ ಇಳಿದು ಓಡದೆ, ಉಸಿರನ್ನು ನಿಧಾನಕ್ಕೆ ಹೊರಬಿಡುತ್ತಾ, ಅದು ಇಳಿಯುವ ತನಕ ಅಲ್ಲೇ ಇರಬೇಕು. ಹೇಳಿದಷ್ಟು ಸುಲಭವಲ್ಲ, ಅದಕ್ಕೇ ಜೊತೆಗೆ ಕಲಿತವರು ಬೇಕು.

ಮಾತ್ರೆ ಅಂದರೆ ನಿಮ್ಮಮ್ಮ ಬೆಚ್ಚುತ್ತಾಳೆ, ಅವಳಿಗೆ ಇದನ್ನು ಓದಿ ಹೇಳು. ಇದಕ್ಕೆ ಕೊಡುವ ಎಸಿಟಲೋಪ್ರಾಮ್, ಸೆರ್ಟ್ರಲೀನ್ ತರಹದವು ಚಟ ಹಿಡಿಸುವ ಮಾತ್ರೆಗಳಲ್ಲ. ಗುಣ ಕಾಣಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಜಾಸ್ತಿಯಾಗುವುದೂ ಉಂಟು. ನಮ್ಮ ಕೌಂಟರಿಗೆ ಬರುತ್ತಿದ್ದವರಲ್ಲಿ ಎಷ್ಟೋ ಜನ ಅಲ್ಲೇ ಮಾತ್ರೆ ಬಿಟ್ಟು ‘ಹಿಡಿಸಲಿಲ್ಲ’ ಅನ್ನುತ್ತಿದ್ದರು. ಬಿಡಬೇಡ, ಡಾಕ್ಟರಿಗೆ ಹೇಳು. ಹುಷಾರಾದ ಮೇಲೂ ಅವರು ಹೇಳುವ ತನಕ ನುಂಗಿ, ಅವರು ಹೇಳಿದ ಹಾಗೆ ಕಮ್ಮಿ ಮಾಡುತ್ತಾ ಬಾ. ಅಲ್‌ಪ್ರಜೋಲಾಮ್ ಕಥೆ ಬೇರೆ. ಬೇಗ ಆರಾಮ ಕೊಡುತ್ತದೆ, ಅಷ್ಟೇ ಬೇಗ ಅಂಟಿಕೊಳ್ಳುತ್ತದೆ. ಅಂಗಡಿಯವರು ಅದನ್ನು ಕೊಟ್ಟರೆ ಡಾಕ್ಟರ ಹೆಸರು, ರೋಗಿಯ ಹೆಸರು ರಿಜಿಸ್ಟರಿನಲ್ಲಿ ಬರೆದಿಡಬೇಕೆಂಬ ಕಾನೂನು ಸುಮ್ಮನೆ ಬಂದಿಲ್ಲ. ಗೆಳೆಯ ಕೊಟ್ಟನೆಂದು ಮುಟ್ಟಬೇಡ.

ಕಾಫಿ ಕಮ್ಮಿ ಮಾಡು, ಅದೂ ಎದೆ ಬಡಿಸುತ್ತದೆ. ಶನಿವಾರದ ಬಿಯರು ರಾತ್ರಿ ಸಮಾಧಾನ ಕೊಟ್ಟು ಭಾನುವಾರ ಬಡ್ಡಿ ಕೇಳುತ್ತದೆ. ಅಜ್ಜಿ ದೃಷ್ಟಿ ತೆಗೆದರೆ ತೆಗೆಸಿಕೋ, ಅವಳಿಗೆ ನೆಮ್ಮದಿ. ಅಷ್ಟಕ್ಕೇ ನಿಲ್ಲಬೇಡ.

‘ಇಂಥದ್ದು ನನಗೊಬ್ಬನಿಗೇನಾ’ ಅಂದೆಯಂತೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ 30 ಕೋಟಿ ಜನರಿಗೆ ಆತಂಕದ ಕಾಯಿಲೆಯಿತ್ತು. ನಾಲ್ವರಲ್ಲಿ ಒಬ್ಬರಿಗಷ್ಟೇ ಚಿಕಿತ್ಸೆ ಸಿಗುತ್ತಿದೆ. ಎಲ್ಲರದ್ದೂ ನಿನ್ನ ಹಾಗೆ ದಿಢೀರ್ ಅಂತ ಬರುವುದಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ ಎಲ್ಲದರ ಬಗ್ಗೆಯೂ ಚಿಂತೆ, ನಿದ್ದೆಯಿಲ್ಲ, ಕುತ್ತಿಗೆ ಬಿಗಿ. ಕೆಲವರಿಗೆ ನಾಲ್ಕು ಜನರ ಮುಂದೆ ಬಾಯಿ ತೆರೆಯಲು ಭಯ. ಮನೆಯವರು ಅವರನ್ನು ಪುಕ್ಕಲು ಅಂತ ಕರೆದು ಮುಗಿಸುತ್ತಾರೆ. ಧೈರ್ಯ ತಂದುಕೋ ಅನ್ನುವುದು ಸಕ್ಕರೆ ಕಾಯಿಲೆಯವನಿಗೆ ಯಾರೂ ಹೇಳದ ಮಾತು.

ಆಫೀಸಿಗೆ ಗೊತ್ತಾದೀತೆಂಬ ಅಂಜಿಕೆ ಬೇಡ. 2017ರ ಮಾನಸಿಕ ಆರೋಗ್ಯ ಕಾಯಿದೆ ನಿನ್ನ ಕಾಯಿಲೆಯನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ, ವಿಮೆಯಲ್ಲಿ ಬೇರೆ ಕಾಯಿಲೆಗಳ ಸಮಕ್ಕೆ ನೋಡಬೇಕೆಂದೂ ಹೇಳಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ನಿನಗೆ ದೂರವಲ್ಲ. ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಟೆಲಿಮನಸ್ ಸಹಾಯವಾಣಿಗೆ, 14416ಕ್ಕೆ ಕರೆ ಮಾಡು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಈ ವಾರವೇ ಮನೋವೈದ್ಯರ ಹತ್ತಿರ ಹೋಗು. ಒಬ್ಬನೇ ಹೋಗಲು ಆಗದಿದ್ದರೆ ಹೇಳು, ಬಸ್ಸು ಹತ್ತಿ ಬರುತ್ತೇನೆ. ಒಳಗೆ ಮಾತ್ರ ನೀನೊಬ್ಬನೇ ಹೋಗಿ, ಏನನ್ನೂ ಮುಚ್ಚಿಡದೆ ಹೇಳಬೇಕು.